ಆರಾದ ಮೇಲೆ ಇನ್ನೊಂದು

ಇಯರ್‌ಫೋನಿನ ತಂತಿ ಲ್ಯಾಪ್‌ಟಾಪಿನಿಂದ ಕಿತ್ತುಬಂದದ್ದು ಮಾನಸಳಿಗೆ ಗೊತ್ತಾಗುವಷ್ಟರಲ್ಲಿ ಮಗುವಿನ ದನಿ ನಡುಮನೆಗೆಲ್ಲ ಕೇಳಿಬಿಟ್ಟಿತ್ತು. ಕಾಳು ಸುರಿದ ಸದ್ದು, ಅದರ ಬೆನ್ನಿಗೇ "ಲಾಭಾ..." ಎಂದು ಎಳೆದ ಪುಟ್ಟ ರಾಗ. ಮತ್ತೆ ಕಾಳಿನ ಸದ್ದು. "ಎರಡೂ..." ಅವಳು ಗಡಬಡಿಸಿ ನಿಲ್ಲಿಸುವ ಗುಂಡಿ ಹುಡುಕಿದಳು. ಮಕ್ಕಳ ದನಿಯನ್ನು ಹೊರಗಿನವರ ಕಿವಿಗೆ ಬೀಳಿಸುವುದಿಲ್ಲ ಎಂದು ನೂರನಲವತ್ತು ಮನೆಗಳಿಗೆ ಬರೆದುಕೊಟ್ಟು ರುಜು ಹಾಕಿದವಳು ಅವಳೇ.

"ಯಾರ ಮನೆ ಮಗು ಅದು?" ಕಿಟಕಿಯ ಪಕ್ಕ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅವಳ ತಂದೆ ಗಂಗಾಧರಯ್ಯ ಕೇಳಿದರು. "ಎಷ್ಟು ಚೆನ್ನಾಗಿ ಅಳೀತಿದಾಳೆ!"

"ಎಲ್ಲಿ ಅಳ್ತಿದಾಳೆ ಅಪ್ಪಾಜಿ? ಅದು ಟೆಸ್ಟು."

"ಅಳ್ತಿದಾಳೆ ಅಂದ್ನಾ ನಾನು? ಅಳೀತಿದಾಳೆ ಅಂದೆ ಕಣೇ. ಅಳತೆ. ನಮ್ಮ ಪಾವೇ ತಾನೆ ಅದು, ಹಿತ್ತಾಳೇದು? ಅದರ ಸದ್ದು ನಂಗೆ ಗೊತ್ತಾಗಲ್ವಾ?"

ಮಾನಸಳ ಬೆರಳು ಗುಂಡಿಯ ಮೇಲೆಯೇ ನಿಂತಿತು. "ಮೊದಲು ಲಾಭ ಅಂದ್ಳಲ್ಲ, ಅದೇನು?"

"ಒಂದು."

"ಒಂದಾ?"

"ಕಾಳು ಅಳೆಯುವಾಗ ಮೊದಲ್ನೇ ಅಳತೆಗೆ ಒಂದು ಅನ್ನಲ್ಲ ಕಣಮ್ಮ, ಒಂಟಿ ಆಗುತ್ತೆ. ಲಾಭ ಅಂತಾರೆ. ಲಾಭ, ಎರಡು, ಮೂರು. ಆರಾದ ಮೇಲೆ ಏಳು ಅನ್ನೋ ಹಂಗಿಲ್ಲ. ಲಕ್ಷ್ಮೀನ ಮುಂದೆ ಕೂರಿಸ್ಕೊಂಡು ಏಳು, ಎದ್ದು ಹೋಗು ಅಂತಾರಾ ಯಾರಾದ್ರೂ? ಇನ್ನೊಂದು ಅಂತಾರೆ. ಆಮೇಲೆ ಎಂಟು. ಹಾಕು ಮತ್ತೆ, ಕೇಳೋಣ. ಎಷ್ಟು ವರ್ಷ ಆಗೋಯ್ತು."

ಹಾಕಬಾರದಿತ್ತು. ಹಾಕಿದಳು. ಮಗು ಐದು ಅಂದಿತು, ಆರು ಅಂದಿತು, ಕಾಳು ಸುರಿದು "ಇನ್ನೊಂದೂ..." ಅಂದಿತು, ಎಂಟು ಅಂದಿತು. ಅಲ್ಲಿಗೆ ಪಾತ್ರೆಯ ಕಾಳು ಮುಗಿದಿತ್ತು. ಆಮೇಲೆ ಮಾನಸಳದೇ ದನಿ, ಸಂಶೋಧಕಿಯ ಸಪ್ಪೆ ದನಿ: "ಈಗ ಪಾತ್ರೇಲಿ ಏನಿದೆ?" ಮಗು ಚೂರೂ ತಡಮಾಡದೆ "ತುಂಬೈತೆ" ಎಂದು ನಕ್ಕಿತು.

"ಭೇಷ್!" ಗಂಗಾಧರಯ್ಯ ತೊಡೆ ತಟ್ಟಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ಖಾಲಿ ಅನ್ನಲಿಲ್ಲ ನೋಡು! ಮನೇಲಿ ಅಕ್ಕಿ ಮುಗಿದ್ರೆ ನಿಮ್ಮಜ್ಜಿ ಒಂದಿನಾನೂ ಮುಗೀತು ಅಂದೋಳಲ್ಲ. ಅಕ್ಕಿ ತುಂಬಿದೆ ಅಂತಿದ್ಲು. ನಮ್ಮಪ್ಪ ಸುಮ್ಮನೆ ಚೀಲ ತಗೊಂಡು ಹೊರಡೋರು. ಯಾರ ಮಗೂನೋ, ಬಾಯಿಗೆ ಸಕ್ಕರೆ ಹಾಕ್ಬೇಕು."

ಮಾನಸಳಿಗೆ ನಗು ಬರಲಿಲ್ಲ.  ಆ ಮಗುವಿನ ಹಾಳೆ ಎದುರಿಗೇ ಇತ್ತು. ಶಿವರಂಜಿನಿ, ಒಂದನೇ ತರಗತಿ, ಆರು ವರ್ಷ ನಾಲ್ಕು ತಿಂಗಳು. ಎಣಿಕೆಯನ್ನು ಒಂದರಿಂದ ಶುರುಮಾಡುತ್ತದೆಯೇ? ಇಲ್ಲ, ಅಸಂಬದ್ಧ ಪದ, ಸೊನ್ನೆ. ಕ್ರಮ ತಪ್ಪದೆ ಎಣಿಸುತ್ತದೆಯೇ? ಏಳು ಗೊತ್ತಿಲ್ಲ, ಸೊನ್ನೆ. ತುಂಬಿದ್ದಕ್ಕೂ ಖಾಲಿಗೂ ವ್ಯತ್ಯಾಸ ತಿಳಿಯುತ್ತದೆಯೇ? ತಲೆಕೆಳಗು, ಸೊನ್ನೆ. ಪಕ್ಕದಲ್ಲಿ ವರ್ತನೆಗೆಂದೇ ಒಂದು ಅಂಕಣವಿತ್ತು. ಅಲ್ಲಿ ಮಾನಸ ತನ್ನ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: 'ಸಾಮಗ್ರಿಯೊಡನೆ ಆಟವಾಡುತ್ತಾಳೆ. ಬೇಕೆಂದೇ ಉಲ್ಟಾ ಉತ್ತರ ಕೊಟ್ಟು ನಗುತ್ತಾಳೆ.'

ಆಟವೆಂದರೆ ಏನು? ಶುರುಮಾಡುವ ಮುಂಚೆ ಮಗು ಪಾವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡಿತ್ತು. ಅಷ್ಟೇ.

ಮಾನಸ ಕೆಲಸ ಮಾಡುತ್ತಿದ್ದದ್ದು ಶಿಕ್ಷಣದ ಸಂಶೋಧನೆ ನಡೆಸುವ ಒಂದು ಸಂಸ್ಥೆಯಲ್ಲಿ. ಬೇರೆಬೇರೆ ಮನೆಗಳ, ಬೇರೆಬೇರೆ ನಡೆನುಡಿಯ ಮಕ್ಕಳು ಒಂದೇ ತರಗತಿಯಲ್ಲಿ ಹೇಗೆ ನಡೆದುಕೊಳ್ಳುತ್ತಾರೆ, ನಮ್ಮ ಪರೀಕ್ಷೆಗಳು ಅವರನ್ನು ನ್ಯಾಯವಾಗಿ ಅಳೆಯುತ್ತವೆಯೇ ಎಂದು ನೋಡುವ ಅಧ್ಯಯನ ಅದು. ಹೆಸರೇ ಒಂದೂವರೆ ಸಾಲು ಇತ್ತು. ಓದಿ ಮುಗಿಸುವಷ್ಟರಲ್ಲಿ ಮೊದಲು ಏನಿತ್ತೆಂಬುದು ಮರೆತುಹೋಗುತ್ತಿತ್ತು. ಚಾಮರಾಜಪೇಟೆ, ಬಸವನಗುಡಿಯ ಆರು ಶಾಲೆಗಳು, ನೂರನಲವತ್ತು ಮಕ್ಕಳು. ಪರೀಕ್ಷೆಗೆ ಮೊದಲು ಹೊರದೇಶದಿಂದ ಬಂದ ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳಿದ್ದವು. ಅದು ಬೇಡ ಎಂದು ಸಭೆಯಲ್ಲಿ ಎದ್ದು ನಿಂತು ವಾದಿಸಿದವಳು ಮಾನಸ. ನಮ್ಮ ಮಕ್ಕಳ ಕೈಗೆ ನಮ್ಮ ಮನೆಯ ವಸ್ತು ಕೊಡಿ, ಕಡಲೆಕಾಳು ಕೊಡಿ, ಪಾವು ಕೊಡಿ, ಅಳೆದು ಎಣಿಸಲಿ ಎಂದಳು. ಎಲ್ಲರೂ ತಲೆದೂಗಿದರು. ಮಾರನೆಯ ದಿನ ಅಟ್ಟ ಹತ್ತಿ, ಅಪ್ಪನ ಟ್ರಂಕಿನಿಂದ ಹಿತ್ತಾಳೆ ಪಾವನ್ನು ತೆಗೆದು ಹುಣಸೆಹಣ್ಣಿನಲ್ಲಿ ಬೆಳಗಿ ಬ್ಯಾಗಿಗೆ ಹಾಕಿಕೊಂಡಿದ್ದಳು.

ಉಳಿದ ಮಕ್ಕಳೆಲ್ಲ ಅದನ್ನು ಲೋಟವೆಂದುಕೊಂಡು ಒಂದು, ಎರಡು ಎಂದು ಎಣಿಸಿದ್ದವು. ಪಾವನ್ನು ಪಾವೆಂದು ಗುರುತು ಹಿಡಿದದ್ದು ಇದೊಂದೇ ಮಗು. ಸೊನ್ನೆ ಸಿಕ್ಕಿದ್ದೂ ಅದಕ್ಕೊಂದಕ್ಕೇ.

"ನಂಗ್ಯಾಕೆ ಇದನ್ನೆಲ್ಲ ಹೇಳ್ಕೊಡ್ಲಿಲ್ಲ ನೀವು?" ಅವಳ ದನಿ ಏರಿತ್ತು. ಕಾಟನ್‌ಪೇಟೆಯಲ್ಲಿ ಮೂರು ತಲೆಮಾರು ಕಾಳಿನ ಮಂಡಿ ಇಟ್ಟವರ ಮನೆ ಇದು. ಮಂಡಿ ಮುಚ್ಚಿದಾಗ ಅವಳಿಗೆ ಎಂಟು ವರ್ಷ.

"ಎಲ್ಲಿ ಹೇಳ್ಕೊಡೋದು? ಮಂಡಿಗೆ ಕರ್ಕೊಂಡು ಹೋದ್ರೆ ಧೂಳಿಗೆ ಕೆಮ್ಮು ಬರ್ತಿತ್ತು ನಿಂಗೆ. ಇಂಗ್ಲಿಷ್ ಸ್ಕೂಲಿಗೆ ಹಾಕಿದ್ವಿ. ಅಲ್ಲಿಂದ ಬಂದು ಒನ್ನು ಟೂ ಅಂತ ನೀನೇ ನಂಗೆ ಹೇಳ್ಕೊಡ್ತಿದ್ದೆ." ಗಂಗಾಧರಯ್ಯ ಮಂಡಿಯನ್ನು ಮೆಲ್ಲಗೆ ಮಡಿಸಿದರು. "ಆ ಮಂಡಿ ಹೋಗಿ ಈ ಮಂಡಿ ಉಳ್ಕೊಂಡಿದೆ ನೋಡು. ಯಾಕೆ, ಏನಾಯ್ತು? ಮುಖ ಯಾಕೆ ಹಂಗಾಯ್ತು?"

ಮಾನಸ ಹಾಳೆಯನ್ನು ಮಗುಚಿಟ್ಟಳು. ಮಕ್ಕಳ ಅಂಕವನ್ನು ಶಾಲೆಗೆ ಹೇಳಬಾರದೆಂಬುದು ಅಧ್ಯಯನದ ನಿಯಮ. ಆದರೆ ಹದಿನೈದು ದಿನದ ಹಿಂದೆ ಚಾಮರಾಜಪೇಟೆಯ ಆ ಶಾಲೆಯಲ್ಲಿ ಕೊನೆಯ ದಿನ, ಹೆಡ್‌ಮಿಸ್ ಆಂಡಾಳ್ ಎದುರಿಗೆ ಕೂರಿಸಿಕೊಂಡು ಕಾಫಿ ಕೊಟ್ಟು, "ನಮ್ಮ ಮಕ್ಕಳಲ್ಲಿ ಯಾರಿಗಾದ್ರೂ ತೊಂದ್ರೆ ಇದ್ರೆ ನಂಗೊಂದು ಮಾತು ಹೇಳಮ್ಮ, ಮುಂಚೇನೇ ಗೊತ್ತಾದ್ರೆ ಒಳ್ಳೇದಲ್ವಾ" ಎಂದಿದ್ದರು. ಒಂದು ತಿಂಗಳು ಕೋಣೆ ಕೊಟ್ಟು, ಕಾಫಿ ಕೊಟ್ಟು ನೋಡಿಕೊಂಡವರು. ಮಾನಸ ದಾಕ್ಷಿಣ್ಯಕ್ಕೆ ಬಿದ್ದು ಶಿವರಂಜಿನಿಯ ಹಾಳೆ ತೋರಿಸಿದ್ದಳು. ಮೂರನೇ ದಿನಕ್ಕೆ ಮಗುವನ್ನು ಮೇಲಿನ ಕೋಣೆಗೆ ಕಳಿಸಿದರು.

ಮೇಲಿನ ಕೋಣೆಗೆ ಕಾಗದದಲ್ಲಿ ನೆರವಿನ ತರಗತಿ ಎಂದು ಹೆಸರಿತ್ತು. ಶಾಲೆಯಲ್ಲಿ ಎಲ್ಲರೂ ಅದನ್ನು ಮೇಲಿನ ಕೋಣೆ ಎಂದೇ ಅನ್ನುತ್ತಿದ್ದರು. ಹನ್ನೊಂದು ಮಕ್ಕಳು, ಆರು ವರ್ಷದವರಿಂದ ಹದಿಮೂರರವರೆಗೆ, ಬೆಳಗಿನಿಂದ ಸಂಜೆಯವರೆಗೆ ಬಣ್ಣ ತುಂಬುತ್ತಿದ್ದರು. ಮೆಟ್ಟಿಲು ಹತ್ತಿ ಹೋದ ಒಂದು ಮಗುವೂ ಇಳಿದು ತರಗತಿಗೆ ವಾಪಸ್ ಬಂದದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಧ್ಯಯನದ ಮುಖ್ಯಸ್ಥೆ ಮಹಾನಂದ ಅವರಿಗೆ ಫೋನ್ ಮಾಡಿದಳು. ಮಹಾನಂದ ಕೆಟ್ಟವರಲ್ಲ. ಬುದ್ಧಿವಂತರು, ಮಕ್ಕಳ ಬಗ್ಗೆ ನಿಜವಾದ ಅಕ್ಕರೆ ಇದ್ದವರು. ಎಲ್ಲವನ್ನೂ ಕೇಳಿಸಿಕೊಂಡು ಅವರು ಹಿಗ್ಗಿಹೋದರು.

"ಅಯ್ಯೋ, ಎಷ್ಟು ಇಂಟರೆಸ್ಟಿಂಗ್ ಮಾನಸ! ಚಿನ್ನದಂಥ ಉದಾಹರಣೆ. ಒಂದು ಒಳ್ಳೇ ಅಡಿಟಿಪ್ಪಣಿ ಆಗತ್ತೆ. ನೀನೇ ಬರಿ."

"ಅಂಕ ತಿದ್ಬೇಕಲ್ವಾ ಮೇಡಂ?"

"ಅಂಕ ಹೇಗೆ ತಿದ್ದೋದು? ಪರೀಕ್ಷೆ ಎಲ್ಲ ಮುಗಿದ ಮೇಲೆ ಸರಿ ಉತ್ತರ ಯಾವುದು ಅಂತ ನಾವು ಬದಲಾಯಿಸಿದ್ರೆ ನಗ್ತಾರೆ ಜನ. ನೂರನಲವತ್ತರಲ್ಲಿ ಒಂದು. ಒಟ್ಟು ಲೆಕ್ಕಕ್ಕೆ ಏನೂ ವ್ಯತ್ಯಾಸ ಆಗಲ್ಲ."

"ಮಗು ಮೇಲಿನ ಕೋಣೇಲಿದೆ."

"ಅದಕ್ಕೂ ನಮಗೂ ಏನು ಸಂಬಂಧ? ನಾವು ಹೆಸರು ಕೊಡಲ್ವಲ್ಲ."

"ನಾನು ಕೊಟ್ಟೆ ಮೇಡಂ. ಹಾಳೆ ತೋರಿಸಿದ್ದು ನಾನೇ."

ಆ ಕಡೆ ಮಹಾನಂದ ಬಾಗಿಲು ಹಾಕಿಕೊಂಡ ಸದ್ದು ಬಂತು. ಹಿಂದೆ ಯಾವುದೋ ಕುಕ್ಕರು ಕೂಗಿತು. "ನೀನು ಹೇಳಿದ್ದು ನಂಗೆ ಕೇಳಿಸ್ಲಿಲ್ಲ ಅಂದ್ಕೋ" ಎಂದು ಮಹಾನಂದ ಫೋನ್ ಇಟ್ಟರು. ಅದು ಬೆದರಿಕೆಯೋ ಉಪಕಾರವೋ ಮಾನಸಳಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಶಾಲೆಗೆ ಹೋಗುವಾಗ ಅವಳು ಒಂದು ಕಾಗದ ಬರೆದುಕೊಂಡೇ ಹೋದಳು. ಶಿವರಂಜಿನಿಗೆ ಕೊಟ್ಟ ಅಂಕ ತಪ್ಪು, ಅವಳು ಹೇಳಿದ್ದು ಕಾಳು ಅಳೆಯುವವರ ಎಣಿಕೆ, ತಪ್ಪು ನನ್ನದು, ಮಗುವನ್ನು ದಯವಿಟ್ಟು ಅದರ ತರಗತಿಗೆ ಕಳಿಸಿಕೊಡಿ ಎಂದು ಬರೆದು ರುಜು ಹಾಕಿದ್ದಳು. ಆ ಕಾಗದ ಸಂಸ್ಥೆಗೆ ಮುಟ್ಟಿದರೆ ತನ್ನ ಕೆಲಸ ಉಳಿಯುವುದಿಲ್ಲವೆಂದು ಗೊತ್ತಿತ್ತು. 

ಆಂಡಾಳ್ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಹಣೆಯ ಮೇಲೆ ತೆಳ್ಳಗೆ ಕೆಂಪು ಶ್ರೀಚೂರ್ಣದ ಗೆರೆ, ಮೇಜಿನ ಮೇಲೆ ಮುಚ್ಚಿಟ್ಟ ಕಾಫಿ ಲೋಟ. ಮೂವತ್ತು ವರ್ಷ ಪಾಠ ಹೇಳಿದ ಹೆಂಗಸು, ವಿವರಿಸಿ ಹೇಳಬೇಕಾಗಲೇ ಇಲ್ಲ.

"ನಮ್ಮನೇಲೂ ದೀಪ ಆರಿಸು ಅನ್ನಲ್ಲ ಕಣಮ್ಮ. ದೊಡ್ಡದು ಮಾಡು ಅಂತೀವಿ. ಬಳೆ ಒಡೀತು ಅನ್ನಲ್ಲ, ಹೆಚ್ಚಿತು ಅಂತೀವಿ." ಅವರು ಕನ್ನಡಕ ತೆಗೆದರು. "ಪಾಪ, ಹಂಗೆ ಹೇಳ್ತಾ ಮಗು? ನಂಗೆ ಹೊಳೀಲೇ ಇಲ್ಲ ನೋಡು."

ಮಾನಸಳ ಎದೆಯ ಭಾರ ಅರ್ಧ ಇಳಿಯಿತು. "ಹಾಗಾದ್ರೆ ಇವತ್ತೇ ಕೆಳಗೆ ಕಳಿಸ್ತೀರಾ ಮೇಡಂ?"

"ಇವತ್ತು ಹೇಗೆ ಕಳಿಸ್ಲಿ? ನಿನ್ನ ಹಾಳೆ ನೋಡಿ ಆಡಳಿತ ಸಮಿತಿಗೆ ಬರೆದು ಕಳಿಸಿದೀನಿ. ಎಣಿಸಕ್ಕೆ ಬರಲ್ಲ, ತುಂಬಿದ್ದು ಖಾಲಿ ಗೊತ್ತಾಗಲ್ಲ, ಹಟ ಅಂತ. ಅವರು ಒಪ್ಪಿ ರುಜು ಹಾಕಿದಾರೆ. ಈಗ ಹೋಗಿ ಲಾಭ ಅಂದ್ರೆ ಒಂದು ಅಂತ ಹೇಳಿದ್ರೆ ನನ್ನನ್ನೇ ಮೇಲಿನ ಕೋಣೆಗೆ ಕಳಿಸ್ತಾರೆ." ತಮ್ಮ ಮಾತಿಗೆ ತಾವೇ ಅರ್ಧ ನಕ್ಕರು. "ಒಂದು ಕೆಲಸ ಮಾಡೋಣ. ಸೋಮವಾರ ಸಮಿತಿಯಿಂದ ಇಬ್ಬರು ಬರ್ತಾರೆ. ಅವರ ಎದುರಿಗೆ ನೀನು ಇನ್ನೊಂದು ಸಲ ಕೇಳು. ಒಂದು ಅನ್ಲಿ, ಏಳು ಅನ್ಲಿ, ಖಾಲಿ ಅನ್ಲಿ. ಅಲ್ಲೇ ಕೆಳಗೆ ಕರ್ಕೊಂಡು ಬಂದು ಅವಳ ಜಾಗದಲ್ಲಿ ಕೂರಿಸ್ತೀನಿ. ನನ್ನ ಮಾತು."

"ಮಣೀನೋ ಕಡ್ಡೀನೋ ಕೊಟ್ಟು ಎಣಿಸಿದ್ರೆ?"

"ಸೋತ ಪರೀಕ್ಷೆ ಬಿಟ್ಟು ಸುಲಭದ್ದು ಕೊಟ್ರು ಅಂತಾರೆ. ಅದೇ ಕಾಳು, ಅದೇ ಪಾವು." ಆಂಡಾಳ್ ಕಾಗದವನ್ನು ಮಡಿಸಿ ಮಾನಸಳ ಕೈಗೇ ವಾಪಸ್ ಕೊಟ್ಟರು. "ಇದನ್ನ ಇಟ್ಕೋ. ಇದು ಬೇಕಾಗಲ್ಲ. ಮೂರು ಮಾತು ತಾನೆ? ಹೋಗಿ ಮನೆಯವರಿಗೆ ಹೇಳ್ಕೊಟ್ಟು ಬಾ."

ಮೂರೇ ಮಾತು. ಹೊರಗೆ ಬರುವಾಗ ಮೆಟ್ಟಿಲ ಬುಡದಲ್ಲಿ ಹನ್ನೆರಡು ಜೊತೆ ಚಪ್ಪಲಿಗಳಿದ್ದವು. ಶಿವರಂಜಿನಿ ಹೋಗುವ ಮುಂಚೆ ಹನ್ನೊಂದು ಇದ್ದವು. ಕೊನೆಯ ಜೊತೆ ಬಹಳ ಸಣ್ಣದಿತ್ತು, ಅದನ್ನು ಬಿಟ್ಟವರು ಎಡಬಲ ನೋಡಿ ನೀಟಾಗಿ ಜೋಡಿಸಿಟ್ಟಿದ್ದರು. ಮೇಲಿನಿಂದ ಒಂದು ಸದ್ದೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಬ್ಯಾಗಿನಲ್ಲಿ ಪಾವು ಹಾಕಿಕೊಂಡು ಮಾನಸ ಕಾಟನ್‌ಪೇಟೆಗೆ ನಡೆದಳು. ಮುಖ್ಯರಸ್ತೆಯಲ್ಲಿ ಗೂಡ್ಸ್ ಆಟೋಗಳು ಒಂದಕ್ಕೊಂದು ಮೂಗು ತಾಗಿಸಿಕೊಂಡು ನಿಂತಿದ್ದವು. ಬಟ್ಟೆಯ ಗಂಟು ಹೊತ್ತವರು "ಸೈಡು, ಸೈಡು" ಎನ್ನುತ್ತ ನುಗ್ಗುತ್ತಿದ್ದರು. ಅಪ್ಪನ ಮಂಡಿ ಇದ್ದ ಕಟ್ಟಡದಲ್ಲಿ ಈಗ ಪ್ಲಾಸ್ಟಿಕ್ ಡಬ್ಬಿಗಳ ಸಗಟು ಅಂಗಡಿ. ಅದರ ಪಕ್ಕದ ಓಣಿಯಲ್ಲಿ ಮೂರನೆಯದು ಗುರುಬಸಮ್ಮನ ಕಡ್ಲೆಪುರಿ ಅಂಗಡಿ. ಮಗುವಿನ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಹೊರಟರೆ ರಾತ್ರಿಗೆ ಬರುವ ದುಡಿಮೆಯವರು. ಶಾಲೆ ಬಿಟ್ಟಮೇಲೆ ಶಿವರಂಜಿನಿ ಇರುತ್ತಿದ್ದದ್ದು ಈ ಅಜ್ಜಿಯ ಹತ್ತಿರ. ಶಾಲೆಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ್ದೂ ಈಕೆಯೇ.

ಗುರುಬಸಮ್ಮ ಮರದ ಹಲಗೆಯ ಮೇಲೆ ಕಾಲು ಮಡಿಸಿ ಕೂತಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಸುತ್ತಲೂ ಪುರಿಯ ಚೀಲಗಳು. ಮಾನಸ ತನ್ನ ಹೆಸರು, ತಂದೆಯ ಹೆಸರು ಹೇಳಿದ ಕೂಡಲೆ ಮುಖ ಅರಳಿತು.

"ಮಂಡಿ ಗಂಗಾಧರಯ್ಯನೋರ ಮಗಳಾ? ಅಯ್ಯ ನನ್ ತಾಯಿ, ಬಾ ಕೂತ್ಕೋ. ನಮ್ಮ ಹುರಿಯೋ ಭಟ್ಟಿಗೆ ಕಡ್ಲೆ ಅಲ್ಲಿಂದ್ಲೇ ಬರ್ತಿದ್ದದ್ದು. ಪುರಿ ಕೊಡ್ತೀನಿ, ತಿಂತೀಯಾ?"

"ನಾನು ರಂಜಿನಿ ಸ್ಕೂಲಿನ ವಿಷಯಕ್ಕೆ ಬಂದೆ ಅಜ್ಜಿ."

ಅರಳಿದ ಮುಖ ಹಾಗೇ ಮುದುರಿತು. "ಏನ್ ಮಾಡೋದು ತಾಯಿ. ಆ ಸ್ಕೂಲಮ್ಮ ಕರೆದು ಹೇಳಿದ್ರು. ಮಗೀಗೆ ತುಂಬಿದ್ದ್ಯಾವ್ದು ಖಾಲಿ ಯಾವ್ದು ಗೊತ್ತಾಗಕ್ಕಿಲ್ಲ, ಯಾರೋ ಓದಿದೋರು ಬಂದು ಪರೀಕ್ಷೆ ಮಾಡವ್ರೆ ಅಂತ. ಮನೇಲಿ ಚೆನ್ನಾಗೇ ಅವ್ಳೆ, ಲೆಕ್ಕದಾಗೆ ನಂಗೇ ಬುದ್ಧಿ ಹೇಳ್ತಾಳೆ. ಆದ್ರೂ ಓದಿದೋರು ಹೇಳಿದ ಮ್ಯಾಕೆ ನಾನೂ ನಂಬ್ಬುಟ್ಟೆ. ಅಂತ್ರ ಕಟ್ಟಿಸ್ಕೊಂಡು ಬಂದಿವ್ನಿ. ದೊಡ್ಡಾಸ್ಪತ್ರೇಲಿ ತಲೆ ತೋರ್ಸಿ ಅಂತಾವ್ರೆ."

"ಆ ಪರೀಕ್ಷೆ ಮಾಡಿದ್ದು ನಾನೇ" ಎಂದಳು ಮಾನಸ. ಹೇಳದೆ ಇರಲು ಆಗಲಿಲ್ಲ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಬ್ಯಾಗಿನಿಂದ ಪಾವು ತೆಗೆದು ಹಲಗೆಯ ಮೇಲಿಟ್ಟಳು. ಅದು ಬಯ್ಯಿಸಿಕೊಳ್ಳಲೆಂದೇ ಇಟ್ಟಂತಿತ್ತು.

ಗುರುಬಸಮ್ಮ ಬಯ್ಯಲಿಲ್ಲ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕಿಸಕ್ಕನೆ ನಕ್ಕರು. ನಗು ಬೆಳೆಯಿತು, ಹೊಟ್ಟೆ ಹಿಡಿದುಕೊಂಡು ನಕ್ಕರು, ಪಕ್ಕದಂಗಡಿಯವನು ತಲೆ ಹೊರಹಾಕಿ ನೋಡುವಷ್ಟು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡವರು ಸೆರಗನ್ನು ಮುಖದಿಂದ ತೆಗೆಯಲಿಲ್ಲ.

"ಹಂಗಾದ್ರೆ ನನ್ನ ದೆಸೆಯಿಂದ ಆಯ್ತು" ಎಂದರು ಸೆರಗಿನೊಳಗಿಂದ.

"ನಿಮ್ಮ ತಪ್ಪಲ್ಲ ಅಜ್ಜಿ. ನಂದು."

"ನೀನು ಹೊರಗ್ನೋಳಾಗಿದ್ರೆ ಆ ಮಾತು ಬೇರೆ" ಎಂದರು ಗುರುಬಸಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಮಾನಸಳಿಗೆ ಅದೇ ಹೆಚ್ಚು ಚುಚ್ಚಿತು. "ಮಂಡಿ ಮನೆ ಮಗಳು ನೀನು."

ಒಳಗಿನ ಚೀಲಗಳ ಸಂದಿಯಿಂದ ಶಿವರಂಜಿನಿ ಬಂದು ನಿಂತಳು. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್ನು, ತೋಳಿಗೆ ಕಪ್ಪು ದಾರದ ಅಂತ್ರ. ಕಣ್ಣು ಮೊದಲು ಪಾವಿನ ಮೇಲೆ ಹೋಯಿತು, ಆಮೇಲೆ ಮಾನಸಳ ಮೇಲೆ. ಮೂರು ವಾರದ ಹಿಂದೆ ನಕ್ಕು ಮಾತಾಡಿದ್ದ ಮಗು ಈಗ ಅಜ್ಜಿಯ ಬೆನ್ನಿಗೆ ಅಂಟಿಕೊಂಡಿತು.

"ರಂಜಿನಿ, ನಿಂಗೆ ಒಂದು ಅಂತ ಎಣಿಸಕ್ಕೆ ಬರುತ್ತಾ?" ಮಾನಸ ಮೆಲ್ಲಗೆ ಕೇಳಿದಳು.

ಮಗು ಇವಳಿಗೆ ಏನಾಗಿದೆ ಎಂಬಂತೆ ನೋಡಿತು. "ಬರುತ್ತೆ. ನೂರರ ಗಂಟ ಬರುತ್ತೆ."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ಬಳಪ ಆದ್ರೆ ಒಂದು. ಪುಸ್ತಕ ಆದ್ರೆ ಒಂದು. ನೀವು ಕಾಳು ಕೊಟ್ರಲ್ಲ ಮಿಸ್." ಸ್ವಲ್ಪ ತಡೆದು, ತನಗಿಂತ ಚಿಕ್ಕವರಿಗೆ ಹೇಳುವಂತೆ ಸೇರಿಸಿತು. "ಕಾಳಿಗೆ ಒಂದು ಅನ್ನಬಾರ್ದು."

ಮಾನಸಳಿಗೆ ಅತ್ತುಬಿಡಬೇಕೆನಿಸಿತು. ಎರಡು ಎಣಿಕೆ ಗೊತ್ತಿದ್ದ ಮಗು ಇದು. ಯಾವ ವಸ್ತುವಿಗೆ ಯಾವುದು ಎಂಬುದೂ ಗೊತ್ತಿತ್ತು. ಆದರೆ ಅಳಲು ಬಂದವಳಲ್ಲ ಅವಳು. ಸೋಮವಾರದ ವಿಷಯ ಹೇಳಿದಳು. ಮೂರು ಮಾತು ಅನ್ನಬೇಕು, ಅಂದರೆ ಅವತ್ತೇ ಕೆಳಗಿನ ತರಗತಿ. ಮೂರು ಮಾತು ಯಾವುವೆಂದು ಹೇಳುವಾಗ ಅವಳ ದನಿ ತಾನಾಗಿ ತಗ್ಗಿತು. ಅಂಗಡಿಯಲ್ಲಿ ಕೂತು ಮೂರನೆಯ ಮಾತು ಆಡಲು ಅವಳಿಗೂ ಈಗ ನಾಲಗೆ ಏಳಲಿಲ್ಲ. "ಅದೇ, ಏನೂ ಇಲ್ಲ ಅನ್ನೋದಕ್ಕೆ ಹೇಳ್ತೀವಲ್ಲ, ಅದು" ಎಂದಳು.

"ಕಾಳಿನ ಮುಂದೆನಾ?" ಮಗು ಅಜ್ಜಿಯ ಮುಖ ನೋಡಿತು. "ಅಜ್ಜಿ ಬೈತಾಳೆ."

ಗುರುಬಸಮ್ಮ ಕರಡಿಗೆಯನ್ನು ಹಿಡಿದುಕೊಂಡು ಓಣಿಯ ಕಡೆ ನೋಡುತ್ತಿದ್ದರು. ಗೂಡ್ಸ್ ಆಟೋ ಒಂದು ಹಿಂದಕ್ಕೆ ಬರುತ್ತಾ ಒಂದೇ ಸಮ ಕೂಗಿಕೊಳ್ಳುತ್ತಿತ್ತು. ಅದು ನಿಂತ ಮೇಲೆ ಅವರು ಕೇಳಿದರು. "ಮ್ಯಾಲಿನ ಕೋಣೇಲಿ ಏನ್ ಹೇಳ್ಕೊಡ್ತಾರೆ ಮಗ?"

"ಸೇಬಿನ ಹಣ್ಣು ಕೊಡ್ತಾರೆ. ಬಣ್ಣ ಹಾಕದು."

"ಆಮ್ಯಾಕೆ?"

"ಇನ್ನೊಂದು ಸೇಬಿನ ಹಣ್ಣು."

ಗುರುಬಸಮ್ಮ ಹಲಗೆಯಿಂದ ಸ್ವಲ್ಪ ಸರಿದು ಜಾಗ ಮಾಡಿದರು. ಪಕ್ಕದ ತಗಡಿನ ಡಬ್ಬದಲ್ಲಿ ಬೆಳಗಿನ ಪುರಿ ಅರ್ಧಕ್ಕಿಂತ ಕೆಳಗೆ ಉಳಿದಿತ್ತು. ಅದರೊಳಗಿದ್ದ ಅಳೆಯುವ ಸೇರನ್ನು ಮೊಮ್ಮಗಳ ಕೈಗೆ ಕೊಟ್ಟರು. ಒಂದು ಚೀಲದ ಬಾಯಿ ಬಿಡಿಸಿ ಹಿಡಿದರು.

"ಅಳಿ. ಮಿಸ್ಸಮ್ಮ ಹೇಳ್ದಂಗೇ ಅಳಿ."

"ಇಲ್ಲಿ ಬೇಡ ಅಜ್ಜಿ" ಎಂದಳು ಮಾನಸ. "ಕಲ್ಲೋ ಕಡ್ಡೀನೋ ಇಟ್ಕೊಂಡು ಅಭ್ಯಾಸ ಮಾಡಿಸಿ. ಅಂಗಡೀಲಿ ಬೇಡ."

"ಇಲ್ಲಿ ತಿರುಗದ ನಾಲಗೆ ಅಲ್ಲಿ ತಿರುಗುತ್ತಾ? ಅಳಿ ಮಗ."

ಮಗು ಸೇರನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳಲು ಹೋಯಿತು. ಅರ್ಧಕ್ಕೆ ನಿಂತು ಮಾನಸಳನ್ನು ನೋಡಿತು. ಅದೂ ತಪ್ಪಿರಬಹುದೇ ಎಂಬ ಅನುಮಾನ ಅದರ ಮುಖದಲ್ಲಿ ಕಂಡು ಮಾನಸ ಕಣ್ಣು ತಗ್ಗಿಸಿದಳು. ಮತ್ತೆ ತಲೆ ಎತ್ತುವಷ್ಟರಲ್ಲಿ ಸೇರು ಡಬ್ಬದೊಳಗೆ ಇಳಿದಿತ್ತು.

"ಲಾ..." ಎಂದು ನಿಂತಿತು ಮಗು. ತುಟಿ ಕಚ್ಚಿಕೊಂಡಿತು. "ಒಂದು."

ರಾಗವಿರಲಿಲ್ಲ. ಶಾಲೆಯಲ್ಲಿ ಕೈಕಟ್ಟಿ ನಿಂತು ಹೇಳುವ ದನಿ ಅದು. ಪುರಿ ಚೀಲಕ್ಕೆ ಬಿದ್ದದ್ದು ಕೇಳಿಸಲೇ ಇಲ್ಲ, ಅಷ್ಟು ಹಗುರ. "ಎರಡು. ಮೂರು. ನಾಲ್ಕು." ಪ್ರತಿ ಸಲವೂ ಅಂಗೈಯಿಂದ ಸೇರಿನ ತಲೆ ಸವರಿ ಸಮಮಾಡುತ್ತಿತ್ತು. ಅದನ್ನು ಬಿಡು ಎಂದು ಯಾರೂ ಹೇಳಿರಲಿಲ್ಲ. "ಐದು. ಆರು."

ಸೇರು ಚೀಲದ ಬಾಯಲ್ಲಿ ನಿಂತಿತು. ಮಗು ಉಸಿರು ಎಳೆದುಕೊಂಡಿತು. ಗುರುಬಸಮ್ಮ ಚೀಲ ಹಿಡಿದ ಕೈಯನ್ನು ಬಿಡಲಿಲ್ಲ, ಇನ್ನೊಂದು ಕೈಯನ್ನು ಮಾತ್ರ ಹಲಗೆಯ ಮೇಲೆ ಊರಿ ಗಟ್ಟಿಯಾಗಿ ಒತ್ತಿ ಹಿಡಿದರು, ಅಲ್ಲಿ ಕೂತವರು ಯಾರೋ ಎದ್ದುಬಿಡುತ್ತಾರೆಂಬಂತೆ.

"ಏಳು" ಎಂದಿತು ಮಗು.

"ಎಂಟು" ಎನ್ನುವಾಗ ಸೇರು ತುಂಬಲಿಲ್ಲ. ಡಬ್ಬವನ್ನು ವಾಲಿಸಿ, ತಳದಲ್ಲಿದ್ದದ್ದನ್ನು ಕೈಯಿಂದ ಬಾಚಿ ತುಂಬಿಸಿತು. ಸುರಿದು ಮಾನಸಳ ಕಡೆ ತಿರುಗಿ ಕಾಯುತ್ತ ನಿಂತಿತು. ಇನ್ನು ಪ್ರಶ್ನೆ ಕೇಳಬೇಕಾದವಳು ಅವಳು. ಹಾಳೆಯಲ್ಲಿ ಹಾಗೇ ಇತ್ತು. ಸೋಮವಾರ ಕೇಳಲೇಬೇಕು. ಇವತ್ತು ಕೇಳದಿದ್ದರೆ ಅವತ್ತು ಮಗು ತಡವರಿಸಿದರೆ?

"ಈಗ ಡಬ್ಬದಲ್ಲಿ ಏನಿದೆ?"

ಶಿವರಂಜಿನಿ ಬಗ್ಗಿ ಒಳಗೆ ನೋಡಿದಳು. ಗೊತ್ತಿದ್ದೂ ನೋಡಿದಳು. ಆಮೇಲೆ ನೆಟ್ಟಗೆ ನಿಂತು, ಕೈಕಟ್ಟಿಕೊಂಡು, ಓಣಿಗೆಲ್ಲ ಕೇಳುವಂತೆ ಹೇಳಿದಳು.

"ಖಾಲಿ."

ಗುರುಬಸಮ್ಮ ಚೀಲದ ಬಾಯನ್ನು ಸುತ್ತಿ ಕೆಳಗಿಟ್ಟರು. ಮೊಮ್ಮಗಳ ತಲೆ ಸವರಿದರು. "ಜಾಣೆ" ಎಂದರು. ದನಿ ಸರಿಯಾಗಿಯೇ ಇತ್ತು.

"ಸರೀನಾ ಮಿಸ್?" ಎಂದು ಕೇಳಿತು ಮಗು. "ಇನ್ನು ನಾನು ಕೆಳಗೆ ಕೂತ್ಕೋಬೋದಾ?"

"ಸರಿ ಪುಟ್ಟಾ. ಎಲ್ಲಾ ಸರಿ ಹೇಳ್ದೆ. ಕೂತ್ಕೋಬೋದು" ಎಂದಳು ಮಾನಸ. ಮಗುವಿನ ಮುಖ ಮೂರು ವಾರದ ಹಿಂದಿನ ಹಾಗಾಯಿತು. ಅದು ಪಾವನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, ಅದರ ಹೊಳಪಿನಲ್ಲಿ ತನ್ನ ಮುಖ ನೋಡುತ್ತ ನಿಂತಿತು.

ಅದು ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಗುರುಬಸಮ್ಮ ಸುತ್ತಿಟ್ಟ ಚೀಲದ ಬಾಯನ್ನು ಮತ್ತೆ ಬಿಡಿಸಿದರು. ಒಂದು ಹಿಡಿ ಪುರಿ ತೆಗೆದು, ಮಾನಸಳಿಗೂ ಬೆನ್ನು ಮಾಡಿ, ಡಬ್ಬದ ತಳಕ್ಕೆ ಹಾಕಿ ಮುಚ್ಚಳ ಮುಚ್ಚಿದರು.